ಕಣ್ಣು ಕೆಂಪಾದದ್ದೆಲ್ಲ ಕೆಂಗಣ್ಣಲ್ಲ

2022ರ ನವರಾತ್ರಿಯ ಸಮಯ. ಮಳೆ ಬಿಟ್ಟಿತು ಎನ್ನುವಂತಿಲ್ಲ, ಬಂತು ಎನ್ನುವಂತೆಯೂ ಇಲ್ಲ. ಅಡಿಕೆಗೆ ಮೂರನೆಯ ಸಲದ ಮದ್ದು ಬಿಟ್ಟು ನಾಲ್ಕು ದಿನ ಆಗಿತ್ತಷ್ಟೆ. ಬೆಳಗ್ಗೆ ಎದ್ದು ಅಂಗಳಕ್ಕೆ ಇಳಿದರೆ ಬಲಗಣ್ಣು ತೆರೆಯಲು ಆಗುವುದಿಲ್ಲ. ಬಿಸಿಲೇ ಇಲ್ಲ, ಮೋಡದ ಬೆಳಕು. ಅದೂ ಸೂಜಿ ಚುಚ್ಚಿದ ಹಾಗೆ. ಕನ್ನಡಿ ನೋಡಿದೆ. ಕಣ್ಣು ಕೆಂಪಾಗಿದೆ, ಕರಿಗುಡ್ಡೆಯ ಸುತ್ತ ಕೆಂಪು ಇನ್ನೂ ಗಾಢ. ನೀರು ಸುರಿಯುತ್ತದೆ, ಆದರೆ ಪಿಸರು ಇಲ್ಲ.

ನಮ್ಮ ಊರಿನಲ್ಲಿ ಒಬ್ಬನಿಗೆ ಸೀಕು ಬಂದರೆ ಹತ್ತು ಜನ ವೈದ್ಯರು ಹುಟ್ಟುತ್ತಾರೆ. ಮದ್ದು ಬಿಡಲು ಬಂದಿದ್ದವನು, ಮೈಲುತುತ್ತು ಹಾರಿದ್ದು ಎಂದ. ನೆರೆಮನೆಯವರು ನಂದಿಬಟ್ಟಲು ಹೂವಿನ ರಸ ಬಿಡಿ ಎಂದರು. ಮನೆಯಾಕೆ, ಇದು ಕೆಂಗಣ್ಣು, ಮಕ್ಕಳ ಹತ್ತಿರ ಹೋಗಬೇಡಿ, ಬೈರಾಸು ಬೇರೆ ಇಟ್ಟುಕೊಳ್ಳಿ ಎಂದಳು. ನಾನು ಪೇಟೆಯ ಮೆಡಿಕಲ್ ಶಾಪಿಗೆ ಹೋಗಿ, ಕಣ್ಣು ಕೆಂಪಾಗಿದೆ, ಒಂದು ಡ್ರಾಪ್ಸ್ ಕೊಡಿ ಎಂದೆ. ಕೊಟ್ಟರು. ಯಾವುದಕ್ಕೆ, ಎಷ್ಟು ದಿನ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಆಶ್ಚರ್ಯ ಎಂದರೆ ಮೂರು ದಿನದಲ್ಲಿ ಗುಣ ಆಯಿತು! ಬಾಟಲಿಯನ್ನು ದೇವರ ಕೋಣೆಯ ಕಿಟಕಿಯಲ್ಲಿ ಜೋಪಾನವಾಗಿ ಇಟ್ಟೆ. ವಾರ ಕಳೆಯಲಿಲ್ಲ, ಕೆಂಪು ಮರಳಿ ಬಂತು. ಈ ಸಲ ನೋವು ಹುಬ್ಬಿನವರೆಗೆ ಏರಿತು. ಪುನಃ ಬಿಟ್ಟೆ, ಪುನಃ ಸ್ವಲ್ಪ ಇಳಿಯಿತು. ಆದರೆ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡಿದರೆ ಪತ್ರಿಕೆಯ ತಲೆಬರಹ ಮಾತ್ರ ಕಾಣುತ್ತದೆ, ಕೆಳಗಿನ ಅಕ್ಷರ ಮಂಜಿನಲ್ಲಿ ಮುಳುಗಿದೆ. ಅಡಿಕೆ ಹೆಕ್ಕುವಾಗ ಕಣ್ಣ ಮುಂದೆ ಕರಿ ನೊಣ ಹಾರಿದ ಹಾಗೆ. ಕೈಬೀಸಿ ಓಡಿಸಲು ನೋಡಿದೆ. ನೊಣ ಇದ್ದರಲ್ಲವೇ ಓಡುವುದು!

ಆಗ ಹೆದರಿಕೆ ಆಯಿತು. ಮರುದಿನವೇ ಬದಿಯಡ್ಕದಿಂದ ಕುಂಬಳೆಗೆ, ಅಲ್ಲಿಂದ ಮಂಗಳೂರಿಗೆ ಬಸ್ಸು ಹತ್ತಿದೆ.

ಮಂಗಳೂರಿನ ಕಣ್ಣಿನ ಡಾಕ್ಟರು ನನ್ನ ಗಲ್ಲವನ್ನು ಒಂದು ಯಂತ್ರದ ಮೇಲೆ ಇರಿಸಿ, ತೆಳ್ಳಗಿನ ಬೆಳಕಿನ ಗೆರೆಯನ್ನು ಕಣ್ಣಿಗೆ ಓರೆಯಾಗಿ ಬಿಟ್ಟು ನೋಡಿದರು. ಇದಕ್ಕೆ ಸ್ಲಿಟ್ ಲ್ಯಾಂಪ್ ಎನ್ನುತ್ತಾರೆ. 1911ರಲ್ಲಿ ಇದನ್ನು ಜಗತ್ತಿಗೆ ತೋರಿಸಿದವರು ಸ್ವೀಡನ್ನಿನ ಆಲ್ವಾರ್ ಗುಲ್‌ಸ್ಟ್ರಾಂಡ್. ಅದೇ ವರ್ಷ ಅವರಿಗೆ ನೊಬೆಲ್ ಬಹುಮಾನವೂ ಬಂತು. ಟಾರ್ಚು ಬಿಟ್ಟು ನೋಡಿದರೆ ಕಾಣದ್ದು ಇದರಲ್ಲಿ ಕಾಣುತ್ತದೆ. ಹೇಗೆ ಎಂದರೆ, ನಮ್ಮ ಹಂಚಿನ ಮಾಡಿನಲ್ಲಿ ಬೆಳಕಿಗೆಂದು ಒಂದು ಗಾಜಿನ ಹಂಚು ಇಡುತ್ತೇವಲ್ಲ, ಅದರಿಂದ ಇಳಿದ ಬಿಸಿಲ ಕೋಲಿನಲ್ಲಿ ದೂಳಿನ ಕಣ ಕುಣಿಯುವುದನ್ನು ನೋಡಿದ್ದೀರಿ. ಕೋಣೆಯಲ್ಲಿ ದೂಳು ಮೊದಲೇ ಇತ್ತು, ಕೋಲು ಬಿದ್ದಾಗ ಕಂಡಿತು, ಅಷ್ಟೆ. ಕಣ್ಣಿನ ಒಳಗೆ ನೀರಿನಂತಹ ತಿಳಿ ದ್ರವ ಇರುವ ಜಾಗದಲ್ಲಿ ಬಿಳಿ ರಕ್ತಕಣಗಳು ಹೀಗೆಯೇ ತೇಲುತ್ತವೆ. ಕಣ್ಣು ಆರೋಗ್ಯವಾಗಿದ್ದರೆ ಅಲ್ಲಿ ಒಂದೂ ತೇಲಬಾರದು.

“ಇದು ಕೆಂಗಣ್ಣಲ್ಲ ಮಾರಾಯ್ರೇ,” ಎಂದರು ಅವರು. “ಒಳಗಿನ ಉರಿಯೂತ. ಮುಂದೆಯೂ ಉಂಟು, ಹಿಂದೆಯೂ ಉಂಟು. ಯಾಕೆ ಬಂತು ಎಂದು ಹುಡುಕಬೇಕು. ನೀವು ಇದನ್ನೇ ನೋಡುವವರ ಹತ್ತಿರ ಹೋಗಿ.” ಪತ್ರ ಬರೆದು ಕೊಟ್ಟರು.

ಕಣ್ಣಿನ ಡಾಕ್ಟರು ಎಂದರೆ ಕಣ್ಣಿನ ಡಾಕ್ಟರು, ಅದರೊಳಗೆ ಇನ್ನೂ ಬೇರೆ ಉಂಟೇ ಎಂದು ನನ್ನ ಪ್ರಶ್ನೆ. ನಮ್ಮ ತಂದೆಯವರ ತಲೆಮಾರಿಗೆ ಕಣ್ಣಿನ ಸೀಕು ಎಂದರೆ ಪೊರೆ, ಕಣ್ಣಿನ ಡಾಕ್ಟರು ಎಂದರೆ ಎಂ. ಸಿ. ಮೋದಿ. 2005ರಲ್ಲಿ ತೀರಿಕೊಂಡ ಆ ಪುಣ್ಯಾತ್ಮರು ಊರೂರಿನಲ್ಲಿ ಶಿಬಿರ ಹಾಕಿ ಸಾಲು ಸಾಲಾಗಿ ಪೊರೆ ತೆಗೆದು ಕಳುಹಿಸಿದವರು. ಕತ್ತಲಲ್ಲಿ ಬಂದವರು ಬೆಳಕಿನಲ್ಲಿ ಹೋಗುತ್ತಿದ್ದರು. ಆದರೆ ಈ ಸೀಕು ಒಂದು ದಿನದ ಕತ್ತಿಯ ಕೆಲಸ ಅಲ್ಲ.

ಹೆಸರು ಯೂವಿಯೈಟಿಸ್. ಕಣ್ಣುಗುಡ್ಡೆಯ ಗೋಡೆಗೆ ಮೂರು ಪದರ ಎಂದು ಇಟ್ಟುಕೊಳ್ಳಿ. ನಡುವಿನ ಪದರ ಯೂವಿಯಾ, ರಕ್ತನಾಳ ತುಂಬಿದ್ದು. ಮುಂದುಗಡೆ ಪಾಪೆಯ ಸುತ್ತಲಿನ ಬಣ್ಣದ ಪರದೆಯೂ ಅದರದ್ದೇ ಭಾಗ, ಹಿಂದುಗಡೆ ಅಕ್ಷಿಪಟಲಕ್ಕೆ ಆಹಾರ ಕೊಡುವ ಹಾಸೂ ಅದರದ್ದೇ. ಹೊರಗಿನ ಬಿಳಿ ಸುಲಿದರೆ ಕಪ್ಪು ದ್ರಾಕ್ಷಿಯ ಹಾಗೆ ಕಾಣುತ್ತದಂತೆ, ಲ್ಯಾಟಿನ್ ಭಾಷೆಯಲ್ಲಿ ದ್ರಾಕ್ಷಿಗೆ ಇರುವ ಹೆಸರೇ ಇದಕ್ಕೂ ಬಂದಿದೆ. ಈ ಪದರ ಬಾತುಕೊಂಡರೆ ಬಣ್ಣದ ಪರದೆ ಹಿಂದಿನ ಮಸೂರಕ್ಕೆ ಅಂಟಿಕೊಳ್ಳಬಹುದು, ಕಣ್ಣಿನ ಒತ್ತಡ ಏರಬಹುದು, ಪೊರೆ ಬರಬಹುದು, ಹಿಂದೆ ಅಕ್ಷಿಪಟಲ ಊದಿಕೊಳ್ಳಬಹುದು. ಹೋದ ದೃಷ್ಟಿ ಎಲ್ಲವೂ ತಿರುಗಿ ಬರುತ್ತದೆ ಎಂದು ಹೇಳಲಾಗುವುದಿಲ್ಲ.

ಕಾಸರಗೋಡಿನವರಾದ ನಮಗೆ ದೊಡ್ಡ ಆಸ್ಪತ್ರೆ ಎಂದರೆ ತಲಪಾಡಿಯ ಆಚೆ, ಇದು ಇವತ್ತಿನ ಮಾತಲ್ಲ. 1956ರ ನವೆಂಬರ್ ಒಂದರಂದು ನಾವು ಕೇರಳಕ್ಕೆ ಸೇರಿದರೂ ಸೀಕು ಮಂಗಳೂರಿಗೇ ಹೋಗುತ್ತಾ ಬಂತು. 2020ರ ಮಾರ್ಚ್‌ನಲ್ಲಿ ಕೊರೋನ ಎಂದು ರಸ್ತೆಗೆ ಮಣ್ಣು ಸುರಿದಾಗ ಇದರ ಬೆಲೆ ಎಲ್ಲರಿಗೂ ತಿಳಿಯಿತು. ಕೇರಳ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋಗಿ, ಏಪ್ರಿಲ್ 7ಕ್ಕೆ ತುರ್ತು ರೋಗಿಗಳನ್ನು ಬಿಡುವ ಒಪ್ಪಂದ ಆಯಿತು. ನನ್ನ ಕಣ್ಣಿಗೆ ಬಂದದ್ದು ಎರಡು ವರ್ಷ ತಡವಾಗಿ, ಅದು ನನ್ನ ಅದೃಷ್ಟ. ಗಂಟೆಗೊಮ್ಮೆ ಮದ್ದು ಬೇಕಾದ ಕಣ್ಣನ್ನು ಹಿಡಿದು ಮಣ್ಣಿನ ರಾಶಿಯ ಈಚೆ ನಿಲ್ಲುವುದನ್ನು ಯೋಚಿಸಿದರೆ ಈಗಲೂ ಮೈ ಜುಂ ಎನ್ನುತ್ತದೆ.

ಡಾಕ್ಟರಮ್ಮನ ಪ್ರಶ್ನೆಗಳು

ಕಣ್ಣೂರಿನಿಂದ ಬರುವ ಬೆಂಗಳೂರು ರೈಲನ್ನು ಕಾಸರಗೋಡಿನಲ್ಲಿ ಸಂಜೆ ಹಿಡಿದು, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದೆವು. ಆಸ್ಪತ್ರೆಯ ಆ ವಿಭಾಗದಲ್ಲಿ ಕಾದು ಕುಳಿತವರನ್ನು ನೋಡಿ ನನಗೆ ಆಶ್ಚರ್ಯ. ಕಣ್ಣಿನ ಆಸ್ಪತ್ರೆ ಎಂದರೆ ಮುದುಕರೇ ಇರುತ್ತಾರೆ ಎಂದುಕೊಂಡಿದ್ದೆ. ಇಲ್ಲಿ ಹೆಚ್ಚಿನವರು ದುಡಿಯುವ ಪ್ರಾಯದವರು, ಕೆಲವರು ಮಕ್ಕಳು.

ಪಕ್ಕದಲ್ಲಿ ಪುತ್ತೂರು ಕಡೆಯ ಒಬ್ಬ ಲಾರಿ ಚಾಲಕ. ಮಾತಿಗೆ ಮಾತು ಬೆಳೆಯಿತು. ಅವನಿಗೆ ಇಪ್ಪತ್ತೆರಡನೆಯ ಪ್ರಾಯದಿಂದ ಸೊಂಟನೋವು, ಬೆಳಗ್ಗೆ ಎದ್ದರೆ ಬೆನ್ನು ಹಲಗೆಯ ಹಾಗೆ, ನಡೆದಾಡಿದ ಮೇಲೆ ಸಡಿಲ. ಲಾರಿ ಓಡಿಸಿ ಬಂದದ್ದು ಎಂದು ಎಣ್ಣೆ ತಿಕ್ಕಿಸುತ್ತಾ ಇದ್ದ. ಕಣ್ಣು ಮೂರು ಸಲ ಕೆಂಪಾದ ಮೇಲೆ ಈ ಡಾಕ್ಟರಮ್ಮ ಬೆನ್ನಿನ ವಿಚಾರ ಕೇಳಿದರಂತೆ. ಎಚ್‌ಎಲ್‌ಎ-ಬಿ27 ಎಂಬ ರಕ್ತಪರೀಕ್ಷೆ ಮಾಡಿಸಿ, ಬೆನ್ನಿನ ಸೀಕಿಗೂ ಕಣ್ಣಿನ ಸೀಕಿಗೂ ಮೂಲ ಒಂದೇ ಎಂದು ಸಂಧಿವಾತ ತಜ್ಞರಲ್ಲಿಗೂ ಕಳುಹಿಸಿದರಂತೆ. “ಕಣ್ಣಿನ ಡಾಕ್ಟ್ರು ನನ್ನ ಸೊಂಟ ಸರಿ ಮಾಡಿದ್ದು ನೋಡಿ” ಎಂದು ನಕ್ಕ.

ಎದುರಿಗೆ ಒಬ್ಬಳು ಪುಟ್ಟ ಹುಡುಗಿ. ಕಣ್ಣು ಹಾಲಿನ ಹಾಗೆ ಬೆಳ್ಳಗೆ, ಒಂದು ಗೆರೆ ಕೆಂಪಿಲ್ಲ. ಇವಳಿಗೇನು ಎಂದು ಕೇಳಿದರೆ ತಾಯಿ ಮೊಣಗಂಟು ತೋರಿಸಿದರು. ಮಕ್ಕಳ ಸಂಧಿವಾತದಲ್ಲಿ ಕಣ್ಣು ಕೆಂಪಾಗದೆ, ನೋಯದೆ, ಒಳಗಿಂದಲೇ ಹಾಳಾಗುವುದುಂಟು. ಆದ್ದರಿಂದ ಗಂಟು ಊದಿದ ಮಕ್ಕಳ ಕಣ್ಣನ್ನು ಏನೂ ತೊಂದರೆ ಇಲ್ಲದಿದ್ದರೂ ಆಗಾಗ ಸ್ಲಿಟ್ ಲ್ಯಾಂಪಿನಲ್ಲಿ ನೋಡಿಸಬೇಕು. ಇದನ್ನು ನಾನು ಮೊದಲು ಕೇಳಿದ್ದೇ ಅಲ್ಲಿ. ನಿಮ್ಮ ನೆಂಟರಿಷ್ಟರಲ್ಲಿ ಅಂತಹ ಮಕ್ಕಳಿದ್ದರೆ ದಯವಿಟ್ಟು ಹೇಳಿ.

ನನ್ನ ಸರದಿ ಬಂತು. ಡಾಕ್ಟರಮ್ಮ ಕಣ್ಣು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಪ್ರಶ್ನೆ ಕೇಳಿದರು. ಬೆನ್ನುನೋವು ಉಂಟೇ? ಗಂಟುನೋವು? ಬಾಯಿಯಲ್ಲಿ ಹುಣ್ಣು ಮತ್ತೆ ಮತ್ತೆ ಆಗುತ್ತದೆಯೇ? ಕೆಮ್ಮು, ಕ್ಷಯ, ಮನೆಯಲ್ಲಿ ಯಾರಿಗಾದರೂ? ಚರ್ಮದಲ್ಲಿ ಬಿಳಿ ಕಲೆ? ಕಿವಿಯಲ್ಲಿ ಗುಂಯ್? ಬೆಕ್ಕು, ನಾಯಿ, ದನ ಸಾಕಿದ್ದೀರಾ? ಕಣ್ಣಿಗೆ ಯಾವತ್ತಾದರೂ ಪೆಟ್ಟು? ಗುಹ್ಯರೋಗದ ರಕ್ತಪರೀಕ್ಷೆಯೂ ಬರೆದರು. ನಾನು ಮುಖ ಸಣ್ಣ ಮಾಡಿದೆ. “ಎಲ್ಲರಿಗೂ ಬರೀತೀವಿ, ಬೇಜಾರು ಮಾಡ್ಕೋಬೇಡಿ. ಸಿಫಿಲಿಸ್ ಯಾವ ವೇಷದಲ್ಲಿ ಬೇಕಾದ್ರೂ ಕಣ್ಣಿಗೆ ಬರುತ್ತೆ” ಎಂದರು. ಮನೆಯಾಕೆ ಗೋಡೆ ನೋಡುತ್ತಾ ಕುಳಿತಳು.

“ಇತ್ತೀಚೆಗೆ ಜ್ವರ ಏನಾದ್ರೂ ಬಂದಿತ್ತಾ?”

“ಇಲ್ಲ” ಎಂದೆ.

“ಇಲ್ಲ ಎಂದರೆ ಎಂತ?” ಎಂದಳು ಮನೆಯಾಕೆ. “ಆಟಿಯಲ್ಲಿ ಐದು ದಿನ ಆಸ್ಪತ್ರೆಯಲ್ಲಿ ಮಲಗಿದ್ದು ಯಾರು?”

ನಿಜ. ಜುಲೈ ಕೊನೆಗೆ ಮೈಕೈ ಜಜ್ಜಿದಂತಹ ಜ್ವರ ಬಂದು ಕಾಸರಗೋಡಿನ ಆಸ್ಪತ್ರೆಯೊಂದರಲ್ಲಿ ದಾಖಲಾಗಿದ್ದೆ. ಮೀನಖಂಡ ಮುಟ್ಟಲು ಬಿಡುತ್ತಿರಲಿಲ್ಲ, ಅಷ್ಟು ನೋವು. ಆಗಲೂ ಕಣ್ಣು ಕೆಂಪಗಿತ್ತು. ‘ಎಲಿಪ್ಪನಿ’ ಎಂದು ದಾದಿ ಮಲಯಾಳದಲ್ಲಿ ಹೇಳಿದ್ದು ನೆನಪಾಯಿತು, ಇಲಿಜ್ವರ. ಗುಣವಾಗಿ ಎರಡು ತಿಂಗಳು ಕಳೆದ ಜ್ವರಕ್ಕೂ ಕಣ್ಣಿಗೂ ಎಂತ ಸಂಬಂಧ ಎಂದು ನಾನು ಯಾರಿಗೂ ಹೇಳಿರಲಿಲ್ಲ. ಮಂಗಳೂರಿನಲ್ಲೂ ಹೇಳಲಿಲ್ಲ.

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. “ಡಿಸ್ಚಾರ್ಜ್ ಚೀಟಿ ಇದೆಯಾ?”

ಅದು ಮನೆಯಲ್ಲಿ, ಅಡಿಕೆ ಮಾರಿದ ರಸೀದಿಗಳ ಕಟ್ಟಿನಲ್ಲಿ! ಮಗನಿಗೆ ಫೋನು ಮಾಡಿ, ಹುಡುಕಿಸಿ, ಮೊಬೈಲಿನಲ್ಲಿ ಫೋಟೋ ತರಿಸಿದ್ದಾಯಿತು. ಅದರಲ್ಲಿ ಬರೆದಿತ್ತು, ಲೆಪ್ಟೋಸ್ಪೈರೋಸಿಸ್. ರಕ್ತದ ಪರೀಕ್ಷೆಯೂ ಅದಕ್ಕೆ ತಾಳೆಯಾಯಿತು.

ಮಧುರೆಯ ನೆರೆ, ನಮ್ಮ ತೋಟ

ಇಲಿಜ್ವರ ಗೊತ್ತಿಲ್ಲದವರು ನಮ್ಮಲ್ಲಿ ಇಲ್ಲ. ಇಲಿಯ ಮೂತ್ರದಲ್ಲಿ ಬರುವ ರೋಗಾಣು ನೀರು ನಿಂತ ಗದ್ದೆ, ತೋಡು, ಕೊಟ್ಟಿಗೆಯ ಕೆಸರಿನಲ್ಲಿ ಬದುಕಿ, ಕಾಲಿನ ಗಾಯದಿಂದಲೋ ಕಣ್ಣು ಬಾಯಿಗಳಿಂದಲೋ ಒಳಗೆ ಹೋಗುತ್ತದೆ. ಇಲಿ ಮಾತ್ರ ಅಲ್ಲ, ದನ, ನಾಯಿ, ಹಂದಿಗಳಿಂದಲೂ ಬರಬಹುದು. ಕಿಡ್ನಿ, ಲಿವರ್ ಹಾಳು ಮಾಡುತ್ತದೆ ಎಂಬುದು ಎಲ್ಲರಿಗೂ ಗೊತ್ತುಂಟು. ಆದರೆ ಜ್ವರ ಇಳಿದು, ನಾವು ಮರೆತೂ ಬಿಟ್ಟ ಮೇಲೆ, ಕೆಲವರಿಗೆ ವಾರಗಳಲ್ಲಿ, ಹಲವರಿಗೆ ತಿಂಗಳುಗಳ ನಂತರ, ಅದು ಕಣ್ಣಿನೊಳಗೆ ಉರಿಯೂತವಾಗಿ ಏಳಬಹುದು ಎಂಬುದು ನಮ್ಮ ಎಷ್ಟು ಜನಕ್ಕೆ ಗೊತ್ತು?

ಇದನ್ನು ದಕ್ಷಿಣ ಭಾರತಕ್ಕೆ ಚೆನ್ನಾಗಿ ತಿಳಿಸಿಕೊಟ್ಟದ್ದು ಮಧುರೆ. 1993ರ ಕೊನೆಗೆ ಅಲ್ಲಿ ಭಾರೀ ಮಳೆ, ನೆರೆ. ಆ ಬಳಿಕ 1994ರಲ್ಲಿ ಅರವಿಂದ ಕಣ್ಣಾಸ್ಪತ್ರೆಗೆ ಒಂದೇ ತೆರನ ಯೂವಿಯೈಟಿಸ್ ರೋಗಿಗಳು ಒಬ್ಬರ ಹಿಂದೆ ಒಬ್ಬರು ಬರತೊಡಗಿದರು. ಡಾ. ಜಿ. ವೆಂಕಟಸ್ವಾಮಿಯವರು 1976ರಲ್ಲಿ 11 ಹಾಸಿಗೆಗಳಿಂದ ಆರಂಭಿಸಿದ ಆಸ್ಪತ್ರೆ ಅದು. ಡಾ. ರತಿನಂ ಮತ್ತು ಸಂಗಡಿಗರು ಈ ರೋಗಿಗಳ ಹಿಂದಿನ ಜ್ವರ, ರಕ್ತ, ಕಣ್ಣು ಎಲ್ಲವನ್ನೂ ಜೋಡಿಸಿ ನೋಡಿ, ಇದು ಇಲಿಜ್ವರದ ಬಾಲ ಎಂದು ತೋರಿಸಿದರು. 73 ಮಂದಿಯ ಆ ವರದಿ 1997ರಲ್ಲಿ ಅಮೆರಿಕದ ಕಣ್ಣಿನ ವೈದ್ಯರ ಪತ್ರಿಕೆಯಲ್ಲಿ ಬಂತು. ಒಬ್ಬೊಬ್ಬರನ್ನೇ ಬೇರೆ ಬೇರೆ ನೋಡಿದ್ದರೆ ಇದು ಯಾರಿಗೂ ಹೊಳೆಯುತ್ತಿರಲಿಲ್ಲ. ಕುದುರೆ ಸಾಕುವವರಿಗೆ ಮಾತ್ರ ಈ ಉಪದ್ರ ಹಳೆಯದು. ಬಿಟ್ಟು ಬಿಟ್ಟು ಕಣ್ಣು ಕೆಂಪಾಗಿ ಕೊನೆಗೆ ಕುರುಡಾಗುವ ಕುದುರೆಗಳಲ್ಲೂ ಈ ರೋಗಾಣುವೇ ಮುಖ್ಯ ಕಾರಣಗಳಲ್ಲಿ ಒಂದು.

“ನಿಮ್ಮ ಪುಣ್ಯ, ಇದು ಒಳ್ಳೆಯ ಜಾತಿಯ ಯೂವಿಯೈಟಿಸ್” ಎಂದರು ಡಾಕ್ಟರಮ್ಮ. ಸೀಕಿನಲ್ಲೂ ಒಳ್ಳೆಯ ಜಾತಿ! ಸರಿಯಾಗಿ ಮದ್ದು ಮಾಡಿದರೆ ಹೆಚ್ಚಿನವರಿಗೆ ದೃಷ್ಟಿ ಮರಳುತ್ತದೆ, ಚಾಲಕನ ಸೀಕಿನ ಹಾಗೆ ಮತ್ತೆ ಮತ್ತೆ ಬರುವುದು ಕಡಿಮೆ ಎಂಬರ್ಥ. ಅಂತಹವರಿಗೆ ವರ್ಷಗಟ್ಟಲೆ ಮಾತ್ರೆ ಬೇಕಾಗಬಹುದು. ಅಡಾಲಿಮುಮಾಬ್ ಎಂಬ ಚುಚ್ಚುಮದ್ದನ್ನು ಅಮೆರಿಕದಲ್ಲಿ 2016ರಲ್ಲಿ ಕೆಲವು ಬಗೆಯ ಯೂವಿಯೈಟಿಸ್‌ಗೆ ಒಪ್ಪಿದ್ದಾರೆ. ಅದು ನನ್ನ ಪಾಲಿಗೆ ಬರಲಿಲ್ಲ.

ನನಗೆ ಬರೆದದ್ದು ಎರಡು ಬಗೆಯ ಹನಿ. ಒಂದು ಸ್ಟೀರಾಯ್ಡ್, ಎಚ್ಚರ ಇರುವಷ್ಟು ಹೊತ್ತೂ ಗಂಟೆಗೊಮ್ಮೆ. ಹಾಲಿನ ಹಾಗೆ ಬಿಳಿ, ಮದ್ದು ತಳದಲ್ಲಿ ಕೂರುತ್ತದೆ, ಬಾಟಲಿ ಚೆನ್ನಾಗಿ ಕುಲುಕಿಯೇ ಬಿಡಬೇಕು. ಕುಲುಕದೆ ಬಿಟ್ಟರೆ ಬರುವುದು ಬರೀ ತಿಳಿ. ಇನ್ನೊಂದು ಪಾಪೆಯನ್ನು ಅಗಲ ಮಾಡುವುದು, ಪರದೆ ಮಸೂರಕ್ಕೆ ಅಂಟದ ಹಾಗೆ. ಅದು ಬಿಟ್ಟರೆ ಹತ್ತಿರದ್ದು ಕಾಣುವುದಿಲ್ಲ, ಬೆಳಕು ಕುಕ್ಕುತ್ತದೆ. ಮದ್ದಿನಿಂದ ಕಣ್ಣು ಹೆಚ್ಚು ಹಾಳಾಯಿತು ಎಂದು ಅರ್ಧದಲ್ಲಿ ಬಿಡುವವರು ಇದ್ದಾರಂತೆ. ಸ್ವಲ್ಪ ದಿನ ಸ್ಟೀರಾಯ್ಡ್ ಮಾತ್ರೆಯನ್ನೂ ಕೊಟ್ಟರು, ಅದಕ್ಕೆ ಮುಂಚೆ ಎದೆಯ ಎಕ್ಸ್‌ರೇ, ಕ್ಷಯದ ಪರೀಕ್ಷೆ, ಸಕ್ಕರೆ. ಒಳಗೆ ಕ್ಷಯ ಮಲಗಿದ್ದರೆ ಈ ಮಾತ್ರೆ ಅದನ್ನು ಎಬ್ಬಿಸಬಲ್ಲದು. ನನ್ನ ಸಕ್ಕರೆ ಗಡಿಯಲ್ಲಿತ್ತು, ಮಾತ್ರೆ ನುಂಗುವಾಗ ಗಡಿ ದಾಟಿತು, ಬಿಟ್ಟ ಮೇಲೆ ಈಚೆ ಬಂತು. ಗಡಿನಾಡಿನವನಿಗೆ ತಕ್ಕ ಸಕ್ಕರೆ ಎಂದು ಮಗ ತಮಾಷೆ ಮಾಡಿದ.

ನನ್ನ ಅಜ್ಜನ ಪ್ರಾಯಕಾಲದಲ್ಲಿ ಈ ಮದ್ದೇ ಇರಲಿಲ್ಲ. ಸಂಧಿವಾತಕ್ಕೆ ಕಾರ್ಟಿಸೋನನ್ನು ಮೊದಲು ಕೊಟ್ಟದ್ದು 1948ರಲ್ಲಿ, ಅಮೆರಿಕದ ಮೇಯೋ ಕ್ಲಿನಿಕ್‌ನಲ್ಲಿ. 1950ರಲ್ಲಿ ಅದರ ಹಿಂದಿನ ಮೂವರಿಗೆ ನೊಬೆಲ್. ಕಣ್ಣಿಗೆ ಬಂದದ್ದು ಆಮೇಲೆಯೇ. ಮೊದಲು ಹೀಗೆ ಕಣ್ಣು ಕೆಂಪಾಗಿ ಮಂಜಾದವರು ‘ದೃಷ್ಟಿ ಹೋಯಿತು’ ಎಂದು ಜಗಲಿಯಲ್ಲಿ ಕೂರುತ್ತಿದ್ದರು, ಯಾಕೆಂದು ಕೇಳುವವರಿರಲಿಲ್ಲ.

ಅದೇ ಬಾಟಲಿಯ ಇನ್ನೊಂದು ಮುಖ

ಈಗ ಆ ಮೆಡಿಕಲ್ ಶಾಪಿನ ಡ್ರಾಪ್ಸಿಗೆ ಬರುತ್ತೇನೆ. ಡಾಕ್ಟರಮ್ಮ ಖಾಲಿ ಬಾಟಲಿ ನೋಡಿ ತಲೆಯಾಡಿಸಿದರು. ಅದರಲ್ಲಿಯೂ ಸ್ಟೀರಾಯ್ಡ್ ಇತ್ತು. ಆದ್ದರಿಂದಲೇ ಮೂರು ದಿನದಲ್ಲಿ ಕೆಂಪು ಇಳಿದದ್ದು, ಸಾಕಾಗದೆ ತಿರುಗಿ ಬಂದದ್ದು. ಹಾಗಾದರೆ ಸರಿಯಾದ ಮದ್ದೇ ಅಲ್ಲವೇ ಎಂದು ವಾದಿಸಿದೆ.

“ನಿಮ್ಮ ಕಣ್ಣಿಗೆ ಆಗ ಭತ್ತದ ಗರಿ ತಾಗಿದ್ದಿದ್ರೆ?” ಎಂದು ಕೇಳಿದರು.

ಅದನ್ನು ನಾವೆಲ್ಲ ಕೇಳಿಸಿಕೊಳ್ಳಬೇಕು. ಕೊಯ್ಲಿನಲ್ಲಿ ಗರಿ, ಸೋಗೆಯ ತುದಿ, ಹುಲ್ಲಿನ ಕಡ್ಡಿ ತಾಗಿ ಕರಿಗುಡ್ಡೆಯ ಮೇಲೆ ಗೀರು ಆದರೆ ಅಲ್ಲಿ ಬೂಸ್ಟು ಬೆಳೆಯುತ್ತದೆ, ಬಿಳಿ ಚುಕ್ಕೆ ಕಾಣುತ್ತದೆ. ಅದರ ಮದ್ದೇ ಬೇರೆ. ಆ ಕಣ್ಣಿಗೆ ಸ್ಟೀರಾಯ್ಡ್ ಬಿಟ್ಟರೆ ಬೂಸ್ಟಿಗೆ ಗೊಬ್ಬರ ಹಾಕಿದಂತೆ, ಕಣ್ಣು ತೂತಾಗಿ ಹೋಗಬಹುದು. ಹೂವಿನ ರಸ, ಎದೆಹಾಲು ಬಿಡುವುದೂ ಇದೇ ಅಪಾಯಕ್ಕೆ ದಾರಿ. ನನ್ನ ಕಣ್ಣನ್ನು ಉಳಿಸಿದ ಹನಿ ನೆರೆಯವನ ಕಣ್ಣನ್ನು ತೆಗೆಯಬಲ್ಲದು, ಹೊರಗಿನಿಂದ ನೋಡಿದರೆ ಎರಡೂ ಕೆಂಪೇ. ಇನ್ನು, ನೋಡಿಸಿಕೊಳ್ಳದೆ ತಿಂಗಳುಗಟ್ಟಲೆ ಬಿಟ್ಟರೆ ಒತ್ತಡ ಏರಿ ಗ್ಲಾಕೋಮಾ, ಪೊರೆ. ಪ್ರತಿ ಸಲ ಹೋದಾಗಲೂ ನನ್ನ ಕಣ್ಣಿನ ಒತ್ತಡ ಅಳೆದದ್ದು ಇದಕ್ಕೇ.

ಕೆಂಗಣ್ಣಿನಲ್ಲಿ ಪಿಸರು ಬರುತ್ತದೆ, ಬೆಳಗ್ಗೆ ರೆಪ್ಪೆ ಅಂಟುತ್ತದೆ, ತುರಿಸುತ್ತದೆ; ಒರೆಸಿದರೆ ದೃಷ್ಟಿ ಹೆಚ್ಚಾಗಿ ಸರಿಯೇ ಇರುತ್ತದೆ. ಬೆಳಕು ನೋಡಿದರೆ ನೋವು, ಒಳಗಿನಿಂದ ನೋವು, ಮಂಜು ಇದ್ದರೆ ಅದು ಮೆಡಿಕಲ್ ಶಾಪಿನ ಕೆಲಸ ಅಲ್ಲ.

ಮದ್ದನ್ನು ಒಮ್ಮೆಲೆ ನಿಲ್ಲಿಸುವ ಹಾಗಿಲ್ಲ, ಮೆಟ್ಟಿಲಿಳಿದ ಹಾಗೆ ಇಳಿಸಬೇಕು: ಗಂಟೆಗೊಮ್ಮೆ, ಎರಡು ಗಂಟೆಗೊಮ್ಮೆ, ದಿನಕ್ಕೆ ಆರು, ನಾಲ್ಕು. ದೀಪಾವಳಿಯ ಗಡಿಬಿಡಿಯಲ್ಲಿ, ಈಗ ಚೆನ್ನಾಗಿ ಕಾಣುತ್ತದಲ್ಲ ಎಂದು ನಾನು ಎರಡು ದಿನ ಬಿಟ್ಟೆ. ಮೂರನೆಯ ದಿನ ಕೆಂಪು ಬಾಗಿಲಲ್ಲಿ ನಿಂತಿತ್ತು. ತಪ್ಪು ನನ್ನದೇ. ಬೆಂಗಳೂರಿನವರೇ ಮಂಗಳೂರಿನ ಡಾಕ್ಟರಿಗೆ ಫೋನಿನಲ್ಲಿ ಹೇಳಿ ಅಲ್ಲಿಯೇ ನೋಡಿಸಿದರು. ಆಮೇಲಿನ ತಪಾಸಣೆ ಹೆಚ್ಚಿನದೂ ಮಂಗಳೂರಿನಲ್ಲೇ ನಡೆಯಿತು, ರಾತ್ರಿ ರೈಲಿನ ದಣಿವು ತಪ್ಪಿತು. ದೂರದ ತಜ್ಞರಲ್ಲಿಗೆ ಹೋಗುವವರು ಇದನ್ನು ಮೊದಲ ದಿನವೇ ಕೇಳಿಕೊಳ್ಳುವುದು ಒಳ್ಳೆಯದು. ಇಲ್ಲಿನ ವಿಮೆ, ಕಾರ್ಡು ಅಲ್ಲಿ ನಡೆಯುತ್ತದೆಯೇ ಎಂಬುದನ್ನೂ ಮನೆಯಿಂದ ಹೊರಡುವ ಮೊದಲೇ ವಿಚಾರಿಸಿ. ಹಳೆಯ ಚೀಟಿಗಳನ್ನು, ಮಲಯಾಳದ್ದಿರಲಿ ಇಂಗ್ಲಿಷಿನದ್ದಿರಲಿ, ಬಿಟ್ಟ ಮದ್ದಿನ ಖಾಲಿ ಬಾಟಲಿಯನ್ನೂ ಒಂದೇ ಚೀಲದಲ್ಲಿ ಹಾಕಿ ಕೊಂಡುಹೋಗಿ.

ಜನವರಿಗೆ ಹನಿ ಪೂರ್ತಿ ನಿಂತಿತು. ಬಲಗಣ್ಣಿನಲ್ಲಿ ಒಂದೆರಡು ನೊಣ ಈಗಲೂ ಹಾರುತ್ತದೆ, ಪೊರೆ ಸ್ವಲ್ಪ ಆರಂಭ ಆಗಿದೆಯಂತೆ. ಪತ್ರಿಕೆಯ ಸಣ್ಣ ಅಕ್ಷರ ಓದುತ್ತೇನೆ. ಮಳೆಗಾಲದಲ್ಲಿ ತೋಡಿಗೆ ಇಳಿಯುವಾಗ ಗಂಬೂಟು ಹಾಕುತ್ತೇನೆ, ಕಾಲಿನಲ್ಲಿ ಗಾಯ ಇದ್ದರೆ ಇಳಿಯುವುದೇ ಇಲ್ಲ. 2018ರ ಆಗಸ್ಟಿನ ಪ್ರವಾಹದ ನಂತರ ಕೇರಳದ ಆರೋಗ್ಯ ಇಲಾಖೆ ಕೆಸರಿನಲ್ಲಿ ಕೆಲಸ ಮಾಡುವವರಿಗೆ ಡಾಕ್ಸಿಸೈಕ್ಲಿನ್ ಮಾತ್ರೆ ಹಂಚಿದಾಗ ನಾನು ಅದನ್ನು ನುಂಗದೆ ಕಪಾಟಿನಲ್ಲಿಟ್ಟವನು. ಈಗ ಆರೋಗ್ಯ ಕೇಂದ್ರದಲ್ಲಿ ಕೇಳಿ, ಅವರು ಹೇಳಿದ ಹಾಗೆ ವಾರಕ್ಕೊಮ್ಮೆ ನುಂಗುತ್ತೇನೆ.

ಮೊನ್ನೆ ನೆರೆಮನೆಯವನು ಕಣ್ಣು ಉಜ್ಜುತ್ತಾ ಬಂದ. “ಅಣ್ಣಾ, ನಿಮ್ಮ ಆ ಬೆಂಗಳೂರಿನ ಡ್ರಾಪ್ಸ್ ಉಳಿದದ್ದು ಉಂಟಾ?”

“ಇಲ್ಲ, ಬಿಸಾಡಿದೆ.”

“ಅಷ್ಟು ದೂರ ಹೋಗಿ ತಂದದ್ದು, ಬಿಸಾಡುವುದಾ!”

ಬಾಗಿಲ ಹೊರಗೆ ಬೆಳಕಿಗೆ ನಿಲ್ಲಿಸಿದೆ. ನೋವಾಗುತ್ತದೆಯೇ ಎಂದೆ. ಇಲ್ಲ, ತುರಿಕೆ ಮಾತ್ರ, ಬೆಳಗ್ಗೆ ರೆಪ್ಪೆ ಅಂಟಿತ್ತು ಎಂದ. ಮಗಳಿಗೂ ಹಾಗೇ ಆಗಿದೆಯಂತೆ. ಹಾಗಾದರೆ ಕೆಂಗಣ್ಣೇ ಇರಬಹುದು, ಆದರೂ ಬದಿಯಡ್ಕಕ್ಕೆ ಹೋಗಿ ಡಾಕ್ಟರಿಗೆ ತೋರಿಸು ಎಂದೆ. “ನೀವು ಒಂದು ಸಲ ಬೆಂಗಳೂರಿಗೆ ಹೋಗಿ ಬಂದದ್ದೇ ಬಂದದ್ದು” ಎಂದು ಗೊಣಗುತ್ತಾ ಹೋದವನು, ತೋಟದ ಸಂಕ ದಾಟಿ, ಮನೆಯ ಕಡೆಗೆ ತಿರುಗದೆ ಬಸ್ಸು ನಿಲ್ಲುವ ಕಡೆಗೆ ನಡೆದ.